60 ಸೆಂ.ಮೀ. ಮೇಜಿಗೆ 43 ಇಂಚಿನ ಮಾನಿಟರ್ ಆಗುತ್ತದಾ?

ಪ್ರಶ್ನೆ: ನಾನು ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡುವವನು. ಮೂಲ ಲೇಖನ, ನನ್ನ ಅನುವಾದ, ನಿಘಂಟು, ಮೇಲ್, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಇರಬೇಕು. ಈಗ 24 ಇಂಚಿನ ಎರಡು ಫುಲ್ ಎಚ್‌ಡಿ ಮಾನಿಟರ್ ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ನಡುವೆ ಬರುವ ಕಪ್ಪು ಅಂಚು ನೋಡಿ ನೋಡಿ ಸಾಕಾಗಿದೆ. ಎರಡನ್ನೂ ತೆಗೆದು 43 ಇಂಚಿನ 4ಕೆ ಮಾನಿಟರ್ ಒಂದನ್ನೇ ತರೋಣ ಅಂತಿದ್ದೇನೆ. ಗೆಳೆಯನೊಬ್ಬ ಅಷ್ಟೇ ದೊಡ್ಡ ಟಿವಿ ತಗೋ, ಕಡಿಮೆಗೆ ಸಿಗುತ್ತೆ ಅನ್ನುತ್ತಾನೆ. ಇನ್ನೊಬ್ಬ, ಕೊಳ್ಳೋದೇ ಆದ್ರೆ 8ಕೆ ಕೊಳ್ಳು ಅನ್ನುತ್ತಾನೆ. ನನ್ನ ಮೇಜಿನ ಆಳ 60 ಸೆಂ.ಮೀ., ಗೋಡೆಗೆ ತಾಗಿಕೊಂಡೇ ಇದೆ. ಲ್ಯಾಪ್‌ಟಾಪ್ ಆರು ವರ್ಷ ಹಳೆಯದು. ಒಂದು ಎಚ್‌ಡಿಎಂಐ, ಒಂದು ಯುಎಸ್‌ಬಿ-ಸಿ ಇದೆ. ವಯಸ್ಸು 48, ಪ್ರೋಗ್ರೆಸಿವ್ ಕನ್ನಡಕ ಹಾಕುತ್ತೇನೆ. ಏನು ಮಾಡಲಿ?

ಉತ್ತರ: ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಈಗಿರುವ ಮೇಜಿನ ಮೇಲೆ, ಈಗಿರುವ ಹಾಗೆಯೇ, 43 ಇಂಚು ಬೇಡ. ಪರದೆಯನ್ನು ಗೋಡೆಗೆ ಹಾಕಿ ಮೇಜನ್ನು ಈಚೆ ಎಳೆದುಕೊಳ್ಳಲು ಕೋಣೆಯಲ್ಲಿ ಜಾಗ ಇದ್ದರೆ ಮಾತ್ರ ಯೋಚಿಸಿ. ಇಲ್ಲದಿದ್ದರೆ ನಿಮ್ಮ ಕೆಲಸಕ್ಕೆ 40 ಇಂಚಿನ 5ಕೆ2ಕೆ ಅಗಲ ಪರದೆ (ಪಿಕ್ಸೆಲ್ ಲೆಕ್ಕದಲ್ಲಿ 4ಕೆಯಷ್ಟೇ ಎತ್ತರ, ಅಗಲ ಮಾತ್ರ ಹೆಚ್ಚು) ಸರಿ. ಲ್ಯಾಪ್‌ಟಾಪ್ ಅದಕ್ಕೆ ಒಪ್ಪದಿದ್ದರೆ 32 ಇಂಚಿನ 4ಕೆ. ಟಿವಿ ಬೇಡ. 8ಕೆ ಅಂತೂ ಬೇಡವೇ ಬೇಡ. ಕಾರಣಗಳನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. ದೊಡ್ಡ ಮಾನಿಟರ್ ತಂದು ತಿಂಗಳೊಳಗೆ ಮಾರಲು ಹೊರಟವರನ್ನು ತುಂಬ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ದೂರು ಪರದೆಯ ಗುಣಮಟ್ಟದ ಮೇಲಲ್ಲ, ಕತ್ತುನೋವಿನ ಮೇಲೆ.

ಅಳತೆಯಿಂದ ಶುರು ಮಾಡೋಣ. 43 ಇಂಚು ಅಂತ ಮಾರುವ ಮಾನಿಟರ್‌ಗಳ ಪರದೆ ಸಾಮಾನ್ಯವಾಗಿ 42.5 ಇಂಚು. ಅದು ಮೂಲೆಯಿಂದ ಮೂಲೆಗೆ. ನೇರ ಅಳೆದರೆ ಸುಮಾರು 94 ಸೆಂ.ಮೀ. ಅಗಲ, 53 ಸೆಂ.ಮೀ. ಎತ್ತರ. ನಿಮ್ಮ ಎರಡು 24 ಇಂಚಿನವು ಸೇರಿ ಆಗಲೇ 105 ಸೆಂ.ಮೀ. ಅಗಲ ಇವೆ. ಅಂದರೆ ಅಗಲದಲ್ಲಿ ನಿಮಗೆ ಹೊಸದೇನೂ ಸಿಗುವುದಿಲ್ಲ, ಒಂದಿಷ್ಟು ಕಡಿಮೆಯೇ ಆಗುತ್ತದೆ. ಹೊಸದಾಗಿ ಬರುವುದು ಎತ್ತರ. ಈಗಿನ ಪರದೆ 30 ಸೆಂ.ಮೀ. ಎತ್ತರ, ಅದು 53 ಆಗುತ್ತದೆ. ಅನುವಾದಕ್ಕೆ ಆ ಎತ್ತರ ಒಳ್ಳೆಯದೇ, ಒಂದು ಪುಟ ಪೂರ್ತಿ ಒಂದೇ ನೋಟಕ್ಕೆ ಬರುತ್ತದೆ. ಆದರೆ ತೊಂದರೆ ಕೊಡುವುದೂ ಆ ಎತ್ತರವೇ.

ಕುರ್ಚಿಯಲ್ಲಿ ನೆಟ್ಟಗೆ ಕೂತರೆ ನಮ್ಮ ಕಣ್ಣು ಮೇಜಿನ ಹಲಗೆಯಿಂದ ಸುಮಾರು 45ರಿಂದ 50 ಸೆಂ.ಮೀ. ಮೇಲಿರುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಇರಬೇಕು ಅನ್ನುವುದು ಕುರ್ಚಿ-ಮೇಜಿನ ಕೆಲಸದ ಹಳೆಯ ನಿಯಮ. 43 ಇಂಚಿನದ್ದು ಸ್ಟ್ಯಾಂಡ್ ಮೇಲೆ ಕೂತಾಗ, ಕೆಳಗಿನ ಸಂದು ಸೇರಿ, ಮೇಲಂಚು 60 ಸೆಂ.ಮೀ. ದಾಟುತ್ತದೆ. ಸಾಮಾನ್ಯ ಕನ್ನಡಕದವರು ಕಣ್ಣು ಮೇಲೆತ್ತಿ ನೋಡಿ ಸುಧಾರಿಸಿಕೊಳ್ಳುತ್ತಾರೆ. ಪ್ರೋಗ್ರೆಸಿವ್ ಹಾಕುವವರಿಗೆ ಆ ಅನುಕೂಲ ಇಲ್ಲ. ಆ ಗಾಜಿನಲ್ಲಿ ಹತ್ತಿರದ ಪವರ್ ಕೆಳಗಡೆ, ದೂರದ್ದು ಮೇಲ್ಗಡೆ, ಪರದೆಯ ದೂರಕ್ಕೆ ಸರಿಹೊಂದುವುದು ನಡುವಿನ ಕಿರಿದಾದ ಓಣಿ ಮಾತ್ರ. ಪರದೆಯ ಮೇಲ್ಭಾಗ ಓದಬೇಕಾದರೆ ನೀವು ಗದ್ದ ಎತ್ತಲೇಬೇಕು. ದಿನಕ್ಕೆ ನೂರಾರು ಸಲ. ಎಡ-ಬಲಕ್ಕೂ ಇದೇ ಕತೆ: ಆ ಗಾಜಿನ ಎರಡು ಪಕ್ಕ ಮಸುಕು, ಹಾಗಾಗಿ ಕಣ್ಣು ತಿರುಗಿಸಿದರೆ ಸಾಲದು, ತಲೆಯನ್ನೇ ತಿರುಗಿಸಬೇಕು.

ಹಾಗಾಗಿ ಯಾವ ಮಾನಿಟರ್ ತಂದರೂ ಜೊತೆಗೆ ಒಂದು ಕಂಪ್ಯೂಟರ್ ಕನ್ನಡಕ ಮಾಡಿಸಿಕೊಳ್ಳಿ. ಪರದೆಯ ದೂರಕ್ಕೆಂದೇ ಇರುವ, ಗಾಜಿನ ತುಂಬ ಒಂದೇ ಪವರ್ ಇರುವ ಕನ್ನಡಕ. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ದೂರವನ್ನು ಅಳೆದುಕೊಂಡೇ ಹೋಗಿ. ‘ಕಂಪ್ಯೂಟರ್ ನೋಡ್ತೀನಿ’ ಅಂದರೆ ಅವರು ಒಂದು ಅಂದಾಜಿಗೆ ಬರೆಯುತ್ತಾರೆ. ‘ನನ್ನ ಪರದೆ 80 ಸೆಂ.ಮೀ. ದೂರ ಇದೆ’ ಅಂದರೆ ಅಷ್ಟಕ್ಕೇ ಬರೆಯುತ್ತಾರೆ.

ಈಗ ದೂರದ ವಿಷಯ. ನನ್ನ ಪ್ರಕಾರ ದೊಡ್ಡ ಮಾನಿಟರಿನ ವಿಚಾರದಲ್ಲಿ ಮಿಕ್ಕಿದ್ದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ. 60 ಸೆಂ.ಮೀ. ಆಳದ ಮೇಜು ಗೋಡೆಗೆ ತಾಗಿದೆ ಅಂದಿರಿ. ಅದರ ಮೇಲೆ ಸ್ಟ್ಯಾಂಡ್ ಸಮೇತ 43 ಇಂಚು ಇಟ್ಟರೆ, ಸ್ಟ್ಯಾಂಡಿನ ಕಾಲಿಗೆ ಹಿಂದೆ ಜಾಗ ಬೇಕಾಗಿ ಪರದೆ ಗೋಡೆಯಿಂದ ಸುಮಾರು 15 ಸೆಂ.ಮೀ. ಈಚೆಗೇ ನಿಲ್ಲುತ್ತದೆ. ಕಣ್ಣಿನಿಂದ ಪರದೆಗೆ ಉಳಿಯುವುದು 55-60 ಸೆಂ.ಮೀ. ಅಷ್ಟು ಹತ್ತಿರದಿಂದ ಪರದೆಯ ನಟ್ಟನಡುವೆ ನೋಡಿದರೆ ದೂರ 60. ಎಡ ಅಥವಾ ಬಲ ಅಂಚಿಗೆ ನೋಡಿದರೆ 76 ಸೆಂ.ಮೀ. ಪ್ರತಿ ಸಲ ಕಣ್ಣು ನಡುವಿನಿಂದ ಅಂಚಿಗೆ ಹೋಗುವಾಗ ಫೋಕಸ್ ಬದಲಿಸಿಕೊಳ್ಳಬೇಕು. 48ರ ವಯಸ್ಸಿನ ಕಣ್ಣಿಗೆ ಅದು ಸುಲಭದ ಕೆಲಸ ಅಲ್ಲ. ಅಂಚಿನ ಅಕ್ಷರಗಳನ್ನು ನೀವು ನೋಡುವ ಓರೆಯೂ ಸುಮಾರು 38 ಡಿಗ್ರಿ ಆಗುತ್ತದೆ. ಪರದೆಯ ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಹಲಗೆ, ವಿಎ ಅನ್ನುವ ಬಗೆಯದಾಗಿದ್ದರೆ ಅಷ್ಟು ಓರೆಯಲ್ಲಿ ಬಣ್ಣ ತೆಳುವಾಗಿ ಕಾಣುತ್ತದೆ. ವಿಎದಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಸಿನಿಮಾಕ್ಕೆ ಒಳ್ಳೆಯದು. ಹತ್ತಿರ ಕೂತು ಓದುವ ಕೆಲಸಕ್ಕೆ, ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಬಗೆಯ ಪ್ಯಾನೆಲ್ಲೇ ಇರಲಿ.

ಅದೇ 43 ಇಂಚನ್ನು ಗೋಡೆಗೆ ಹಾಕಿ, ಮೇಜನ್ನು ಗೋಡೆಯಿಂದ 25 ಸೆಂ.ಮೀ. ಈಚೆ ಎಳೆದರೆ ದೂರ ಸುಮಾರು 85 ಸೆಂ.ಮೀ. ಆಗುತ್ತದೆ. ಪರದೆಯ ಕೆಳಗಿನ ಭಾಗವನ್ನು ಮೇಜಿನ ಹಲಗೆಯ ಮಟ್ಟಕ್ಕೇ, ಬೇಕಾದರೆ ಅದಕ್ಕೂ ಸ್ವಲ್ಪ ಕೆಳಗೆ ಇಳಿಸಬಹುದು, ಏಕೆಂದರೆ ಅದು ಮೇಜಿನ ಹಿಂದೆ ಇರುತ್ತದೆ. ಎತ್ತರದ ತಾಪತ್ರಯವೂ ಅರ್ಧ ಕಡಿಮೆ. 43 ಇಂಚು ಬೇಕೇ ಬೇಕು ಅನ್ನುವವರಿಗೆ ನಾನು ಹೇಳುವ ದಾರಿ ಇದೊಂದೇ.

ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಹಳೆ ರಟ್ಟಿನ ಪೆಟ್ಟಿಗೆ ಬಿಚ್ಚಿ 94 × 53 ಸೆಂ.ಮೀ. ತುಂಡು ಕತ್ತರಿಸಿ. ಪರದೆ ಎಲ್ಲಿ ಬರುತ್ತದೋ ಅಲ್ಲೇ ನಿಲ್ಲಿಸಿ. ನಿಮ್ಮ ಅನುವಾದದ ಒಂದು ಪುಟವನ್ನು ಪ್ರಿಂಟ್ ಮಾಡಿ ಮೇಲಿನ ಎಡ ಮೂಲೆಯಲ್ಲಿ ಅಂಟಿಸಿ, ಇನ್ನೊಂದನ್ನು ಕೆಳಗಿನ ಬಲ ಮೂಲೆಯಲ್ಲಿ. ಕುರ್ಚಿಯಲ್ಲಿ ಕೂತು ಎರಡನ್ನೂ ಒಂದೊಂದು ಸಾಲು ಅದಲುಬದಲಾಗಿ ಓದಿ. ಹತ್ತು ನಿಮಿಷದಲ್ಲಿ ಕತ್ತು ಉತ್ತರ ಹೇಳುತ್ತದೆ. ಆಮೇಲೆ 93 × 39 ಸೆಂ.ಮೀ. ಅಳತೆಗೆ ರಟ್ಟನ್ನು ಕತ್ತರಿಸಿ ಅದೇ ಆಟ ಆಡಿ. ಅದು 40 ಇಂಚಿನ ಅಗಲ ಪರದೆಯ ಅಳತೆ. ವ್ಯತ್ಯಾಸ ಎಷ್ಟು ಅಂತ ನಾನು ಬರೆದು ತಿಳಿಸುವುದಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಚುಕ್ಕೆಗಳ ಲೆಕ್ಕ. ಒಂದು ಇಂಚಿನ ಉದ್ದದಲ್ಲಿ ಎಷ್ಟು ಪಿಕ್ಸೆಲ್ ಇವೆ ಅನ್ನುವುದನ್ನು ಪಿಪಿಐ ಅನ್ನುತ್ತಾರೆ. ನಿಮ್ಮ ಈಗಿನ 24 ಇಂಚಿನದ್ದು ಸುಮಾರು 93. 43 ಇಂಚಿನ 4ಕೆಯಲ್ಲಿ ಸುಮಾರು 104. 32 ಇಂಚಿನ 4ಕೆಯಲ್ಲಿ 140. 27 ಇಂಚಿನ 4ಕೆಯಲ್ಲಿ 163, ಅದೇ 27 ಇಂಚಿನ 5ಕೆಯಲ್ಲಿ 218. ‘4ಕೆ ಅಂದಮೇಲೆ ಅಕ್ಷರ ಮಣಿಯ ಹಾಗೆ ಕಾಣುತ್ತೆ’ ಅಂದುಕೊಂಡು 43 ಇಂಚು ತಂದವರಿಗೆ ನಿರಾಸೆಯಾಗುವುದು ಇಲ್ಲೇ. 93ಕ್ಕೂ 104ಕ್ಕೂ ಅಂಥ ವ್ಯತ್ಯಾಸ ಏನಿದೆ? ಅಕ್ಷರದ ನಯ ಹೆಚ್ಚುಕಡಿಮೆ ಈಗಿನಷ್ಟೇ. ಸಿಗುವುದು ಜಾಗ: ನಾಲ್ಕು ಫುಲ್ ಎಚ್‌ಡಿ ಪರದೆಗಳನ್ನು ಅಂಚಿಲ್ಲದೆ ಜೋಡಿಸಿದಷ್ಟು.

ಪಿಕ್ಸೆಲ್ಲನ್ನು ದುಡ್ಡಿನ ಹಾಗೆ ನೋಡಿ. ಒಂದೇ ದುಡ್ಡನ್ನು ಎರಡು ಕಡೆ ಖರ್ಚು ಮಾಡಲಾಗುವುದಿಲ್ಲ, ಅಲ್ವಾ? 4ಕೆಯಲ್ಲಿ 83 ಲಕ್ಷ ಪಿಕ್ಸೆಲ್ ಇವೆ. ಅದನ್ನು ಜಾಗಕ್ಕೆ ಖರ್ಚು ಮಾಡಿದರೆ 43 ಇಂಚು, ನಯಕ್ಕೆ ಖರ್ಚು ಮಾಡಿದರೆ 27 ಇಂಚು. 32 ಇಂಚು ಎರಡರ ನಡುವಿನ ರಾಜಿ. 32 ಇಂಚಿನಲ್ಲಿ ಅಕ್ಷರ 100 ಶೇಕಡಾ ಗಾತ್ರದಲ್ಲಿ ತುಂಬ ಸಣ್ಣ, ನಿಮ್ಮ ಕಣ್ಣಿಗೆ ಆಗಲಾರದು. ಸ್ಕೇಲಿಂಗ್, ಅಂದರೆ ಪರದೆಯ ಮೇಲಿನದೆಲ್ಲವನ್ನೂ ದೊಡ್ಡದು ಮಾಡಿ ತೋರಿಸುವ ಸೆಟ್ಟಿಂಗ್, ಹಾಕಲೇಬೇಕು. 150 ಶೇಕಡಾ ಹಾಕಿದರೆ ಕೆಲಸಕ್ಕೆ ಉಳಿಯುವ ಜಾಗ 2560 × 1440ರಷ್ಟು. 125 ಹಾಕಿದರೆ 3072 × 1728. ಪಿಕ್ಸೆಲ್ ಎಲ್ಲಿ ಹೋಯಿತು ಅಂತ ಕೇಳಬೇಡಿ. ಅಕ್ಷರ ನಯವಾಯಿತಲ್ಲ, ಅಲ್ಲಿ ಹೋಯಿತು.

ಎಷ್ಟು ಪಿಪಿಐ ಸಾಕು ಅನ್ನುವುದಕ್ಕೂ ದೂರವೇ ಆಧಾರ. ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬೇರ್ಪಡಿಸಿ ನೋಡಬಲ್ಲದು ಅನ್ನುವುದು ವಾಡಿಕೆಯ ಲೆಕ್ಕ. ಆ ಪ್ರಕಾರ 60 ಸೆಂ.ಮೀ. ದೂರಕ್ಕೆ ಸುಮಾರು 145 ಪಿಪಿಐ ಬೇಕು, 70ಕ್ಕೆ 125, 80ಕ್ಕೆ 109. ನೋಡಿ, 43 ಇಂಚಿನ 104 ಪಿಪಿಐ 85 ಸೆಂ.ಮೀ.ನಲ್ಲಿ ಕೂತವರಿಗೆ ಚೆನ್ನಾಗಿ ಕಾಣುತ್ತದೆ, 60ರಲ್ಲಿ ಕೂತವರಿಗೆ ಅಕ್ಷರದ ಅಂಚು ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಮಾನಿಟರ್ ಒಂದೇ, ಹೊಗಳುವವರೂ ಸರಿ, ಬೈಯುವವರೂ ಸರಿ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು: ಒತ್ತಕ್ಷರಗಳು ಅಕ್ಷರದ ಕಾಲಕೆಳಗೆ ಪುಟ್ಟದಾಗಿ ಕೂರುತ್ತವೆ. ಪಿಪಿಐ ಕಡಿಮೆ ಇದ್ದರೆ ಮೊದಲು ಕಲಸಿಹೋಗುವುದು ಅವೇ. ಕರಡು ತಿದ್ದುವವರಿಗೆ ಇದು ಸಣ್ಣ ಸಂಗತಿ ಅಲ್ಲ.

8ಕೆ ಯಾಕೆ ಬೇಡ ಅನ್ನುವುದಕ್ಕೂ ಇದೇ ಲೆಕ್ಕ ಸಾಕು. ಡೆಲ್ 2017ರಲ್ಲೇ 32 ಇಂಚಿನ 8ಕೆ ಮಾನಿಟರ್ ತಂದಿತ್ತು: 7680 × 4320, ಅಂದರೆ 3.3 ಕೋಟಿ ಪಿಕ್ಸೆಲ್, 280 ಪಿಪಿಐ. ಅದನ್ನು 60 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಾ) ನಡೆಸಲು ಎರಡು ಡಿಸ್‌ಪ್ಲೇಪೋರ್ಟ್ ಕೇಬಲ್ ಬೇಕಿತ್ತು. ಡಿಸ್‌ಪ್ಲೇಪೋರ್ಟ್ ಅಂದರೆ ಎಚ್‌ಡಿಎಂಐ ಥರದ್ದೇ, ಚಿತ್ರ ಸಾಗಿಸುವ ಇನ್ನೊಂದು ಬಗೆಯ ಕಿಂಡಿ. ಅಷ್ಟು ಪಿಕ್ಸೆಲ್ ಕೊಂಡು 200 ಅಥವಾ 300 ಶೇಕಡಾ ಸ್ಕೇಲಿಂಗ್ ಹಾಕಿಕೊಂಡು ಕೂರಬೇಕು. ಫೋಟೊ, ವೈದ್ಯಕೀಯ ಚಿತ್ರ, ನಕಾಶೆ ನೋಡುವವರಿಗೆ ಅರ್ಥವಿದೆ. ನಿಮಗೂ ನನಗೂ ಇಲ್ಲ.

ಪರದೆ ಮುಂದೆ ಓಡುವುದು, ಕೇಬಲ್ ಹಿಂದೆ ಉಳಿಯುವುದು ಇವತ್ತಿನ ಕತೆಯಲ್ಲ. ಐಬಿಎಂ 2001ರಲ್ಲೇ ಟಿ221 ಅನ್ನುವ 22 ಇಂಚಿನ ಮಾನಿಟರ್ ಮಾಡಿತ್ತು, 3840 × 2400 ಪಿಕ್ಸೆಲ್, 204 ಪಿಪಿಐ. ಮಾನಿಟರಿಗೆ ಚಿತ್ರ ಸಾಗಿಸುತ್ತಿದ್ದ ಆಗಿನ ಡಿವಿಐ ಕೇಬಲ್ ಒಂದಕ್ಕೆ ಅದು ಹೊರೆ ಆಗಿ, ಹಲವು ಕೇಬಲ್ ಚುಚ್ಚಿ ಪರದೆಯನ್ನು ತುಂಡುತುಂಡಾಗಿ ತುಂಬಿಸಬೇಕಿತ್ತು. 2013ರ ಸುಮಾರಿಗೆ ಬಂದ ಮೊದಮೊದಲ 60 ಹರ್ಟ್ಜ್ 4ಕೆ ಮಾನಿಟರ್‌ಗಳೂ ಹಾಗೆಯೇ, ಕಂಪ್ಯೂಟರಿಗೆ ಎರಡು ಅರ್ಧ ಮಾನಿಟರ್‌ಗಳಾಗಿ ಕಾಣುತ್ತಿದ್ದವು. ಒಮ್ಮೊಮ್ಮೆ ನಿದ್ದೆಯಿಂದ ಎದ್ದಾಗ ಒಂದರ್ಧ ಮಾತ್ರ ಹೊತ್ತಿಕೊಳ್ಳುತ್ತಿತ್ತು.

ನಿಮ್ಮ ಆರು ವರ್ಷದ ಲ್ಯಾಪ್‌ಟಾಪ್ ಬಗ್ಗೆ ನನಗೆ ಹೆದರಿಕೆ ಇರುವುದು ಈ ಕಾರಣಕ್ಕೇ. ಸರಳವಾಗಿ ನೋಡಿ. 4ಕೆ ಪರದೆಗೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸಲು, ಪ್ರತಿ ಪಿಕ್ಸೆಲ್‌ಗೆ 24 ಬಿಟ್‌ನಂತೆ, ಸೆಕೆಂಡಿಗೆ ಸುಮಾರು 12 ಗಿಗಾಬಿಟ್ ಬೇಕು. ಎಚ್‌ಡಿಎಂಐ 1.4ರಲ್ಲಿ ಚಿತ್ರಕ್ಕೆ ನಿಜವಾಗಿ ಸಿಗುವುದು 8 ಗಿಗಾಬಿಟ್ ಚಿಲ್ಲರೆ. ಹಾಗಾಗಿ ಅದು 4ಕೆಯನ್ನು 30 ಹರ್ಟ್ಜ್‌ಗೆ ಇಳಿಸುತ್ತದೆ. ಚಿತ್ರ ಬರುತ್ತದೆ, ಆದರೆ ಮೌಸ್ ಎಳೆದರೆ ಬಾಣದ ಗುರುತು ತಡವರಿಸುತ್ತದೆ, ಪುಟ ಸರಿಸಿದರೆ ಕಣ್ಣು ಉರಿಯುತ್ತದೆ. ಎಚ್‌ಡಿಎಂಐ 2.0ರಲ್ಲಿ 14.4 ಗಿಗಾಬಿಟ್, 4ಕೆಗೆ 60 ಹರ್ಟ್ಜ್ ಆರಾಮ. ಡಿಸ್‌ಪ್ಲೇಪೋರ್ಟ್ 1.4ರಲ್ಲಿ ಸುಮಾರು 26. ಎಚ್‌ಡಿಎಂಐ 2.1 ಇದ್ದರೆ ಇದಕ್ಕಿಂತಲೂ ಬಹಳ ಮೇಲೆ. ಲ್ಯಾಪ್‌ಟಾಪಿನ ಹೊರಗೆ ಬರೀ ‘ಎಚ್‌ಡಿಎಂಐ’ ಅಂತ ಇರುತ್ತದೆ, ಯಾವ ಆವೃತ್ತಿ ಅಂತ ಬರೆದಿರುವುದಿಲ್ಲ. ಮಾಡೆಲ್ ನಂಬರ್ ಹಾಕಿ ತಯಾರಕರ ಸ್ಪೆಸಿಫಿಕೇಶನ್ ಪುಟ ತೆರೆದು ನೋಡಬೇಕು.

ಯುಎಸ್‌ಬಿ-ಸಿ ಇದೆ ಅಂತ ನೆಮ್ಮದಿಯಾಗಿ ಇರಬೇಡಿ. ಆ ಕಿಂಡಿಯ ಆಕಾರ ಒಂದೇ, ಒಳಗಿನ ಸಾಮರ್ಥ್ಯ ಬೇರೆ ಬೇರೆ. ಕೆಲವು ಕಿಂಡಿಗಳಿಂದ ಚಿತ್ರವೇ ಬರುವುದಿಲ್ಲ, ಫೈಲ್ ಮತ್ತು ಚಾರ್ಜು ಅಷ್ಟೇ. ಪಕ್ಕದಲ್ಲಿ ಮಿಂಚಿನ ಗುರುತು ಇದ್ದರೆ ಅದು ಥಂಡರ್‌ಬೋಲ್ಟ್, ಅದೇ ಆಕಾರದ ಹೆಚ್ಚು ವೇಗದ ಕಿಂಡಿ; ಚಿತ್ರವೂ ಬರುತ್ತದೆ, ಯೋಚನೆ ಬೇಡ. ಆದರೆ ಬ್ಯಾಟರಿ ಚಿತ್ರದೊಳಗಿನ ಮಿಂಚು ಚಾರ್ಜಿಂಗಿನದು, ಅದನ್ನು ಇದು ಅಂದುಕೊಳ್ಳಬೇಡಿ. ಡಿಸ್‌ಪ್ಲೇಪೋರ್ಟಿನ ಗುರುತು, ಅಂದರೆ ಇಂಗ್ಲಿಷಿನ ಡಿ ಮತ್ತು ಪಿ ಹೆಣೆದ ಹಾಗಿರುವುದು, ಇದ್ದರೆ ಚಿತ್ರ ಬರುತ್ತದೆ. ಏನೂ ಇಲ್ಲದಿದ್ದರೆ ಮತ್ತೆ ಸ್ಪೆಸಿಫಿಕೇಶನ್ ಪುಟವೇ ಗತಿ. ಇನ್ನೊಂದು ಬಲೆ ಅಂದರೆ ಒಂದು ಕಿಂಡಿಯನ್ನು ಹಲವು ಕಿಂಡಿ ಮಾಡಿಕೊಡುವ ಪುಟ್ಟ ಹಬ್‌ಗಳು. ಯುಎಸ್‌ಬಿ-ಸಿಯೊಳಗೆ ವೇಗದ ದಾರಿಗಳು ನಾಲ್ಕು. ಹಬ್ ಎರಡನ್ನು ಪೆನ್‌ಡ್ರೈವ್, ನೆಟ್‌ವರ್ಕಿಗೆ ಇಟ್ಟುಕೊಂಡು ಎರಡನ್ನು ಮಾತ್ರ ಚಿತ್ರಕ್ಕೆ ಕೊಡುತ್ತದೆ. ಹಳೆ ಲ್ಯಾಪ್‌ಟಾಪ್ ಆದರೆ 4ಕೆ ಮತ್ತೆ 30 ಹರ್ಟ್ಜ್‌ಗೆ ಬೀಳುತ್ತದೆ. ‘ಹೊಸ ಮಾನಿಟರ್ ಸ್ಲೋ ಇದೆ’ ಅಂತ ಬರುವ ದೂರುಗಳಲ್ಲಿ ಬಹಳಷ್ಟು ಇದೇ. ಹಬ್ ಕಿತ್ತು ಕೇಬಲ್ಲನ್ನು ನೇರವಾಗಿ ಚುಚ್ಚಿದರೆ ಸರಿಹೋಗುತ್ತದೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋದರೆ ಎಷ್ಟು ಹರ್ಟ್ಜ್ ಓಡುತ್ತಿದೆ ಅಂತ ಕಾಣುತ್ತದೆ. ಮಾನಿಟರ್ ಬಂದ ದಿನ ಮೊದಲು ನೋಡಬೇಕಾದ್ದು ಅದನ್ನೇ.

ಕೇಬಲ್ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಪೆಟ್ಟಿಗೆಯೊಳಗೆ ಬಂದ ಕೇಬಲ್ಲನ್ನೇ ಬಳಸಿ. ಪರದೆ ಆಗಾಗ ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಬಂದರೆ ಮಾನಿಟರನ್ನು ಬೈಯುವ ಮೊದಲು ಕೇಬಲ್ ಬದಲಾಯಿಸಿ ನೋಡಿ. ಉದ್ದ ಜಾಸ್ತಿಯಾದಷ್ಟೂ ಈ ಕಾಟ ಜಾಸ್ತಿ.

ಟಿವಿ ಯಾಕೆ ಬೇಡ? ಕಡಿಮೆಗೆ ಸಿಗುತ್ತದೆ, ನಿಜ. ಸಿನಿಮಾ, ಆಟ, ಆಗೊಮ್ಮೆ ಈಗೊಮ್ಮೆ ಮೇಲ್ ನೋಡುವವರಿಗೆ ನಾನೇ ಟಿವಿ ತಗೊಳ್ಳಿ ಅನ್ನುತ್ತೇನೆ. ಇಡೀ ದಿನ ಅಕ್ಷರ ಓದುವವರಿಗೆ ಅಲ್ಲ. ಟಿವಿಗಳು ವಿಡಿಯೊಗೆಂದು ಬಣ್ಣದ ಮಾಹಿತಿಯಲ್ಲಿ ಉಳಿತಾಯ ಮಾಡುತ್ತವೆ. ಬೆಳಕು-ಕತ್ತಲೆಯ ವಿವರ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದೇ. ಇದಕ್ಕೆ 4:2:0 ಅನ್ನುತ್ತಾರೆ. ಮುಖ, ಮರ, ಆಕಾಶ ಇರುವ ಚಿತ್ರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಕೆಂಪು ಅಕ್ಷರ ಬರೆದು ನೋಡಿ, ಅಂಚು ಹಿಂಜಿದ ಹಾಗೆ ಕಾಣುತ್ತದೆ. ನೀವು ಅನುವಾದದ ತಂತ್ರಾಂಶದಲ್ಲಿ ತಿದ್ದುಪಡಿಗಳನ್ನು ಕೆಂಪಿನಲ್ಲೇ ನೋಡುವವರು, ಯೋಚಿಸಿ. ಕೆಲವು ಟಿವಿಗಳಲ್ಲಿ ಇನ್‌ಪುಟ್‌ಗೆ ‘ಪಿಸಿ’ ಅಂತ ಹೆಸರು ಕೊಟ್ಟರೆ ಪೂರ್ತಿ ಬಣ್ಣ, ಅಂದರೆ 4:4:4 ಬರುತ್ತದೆ. ಎಲ್ಲದರಲ್ಲೂ ಬರುವುದಿಲ್ಲ. ಮೇಲಾಗಿ ಡಿಸ್‌ಪ್ಲೇಪೋರ್ಟ್ ಇರುವುದಿಲ್ಲ, ಯುಎಸ್‌ಬಿ-ಸಿಯಿಂದ ಲ್ಯಾಪ್‌ಟಾಪ್ ಚಾರ್ಜ್ ಆಗುವುದಿಲ್ಲ, ಕಂಪ್ಯೂಟರ್ ಮಲಗಿದರೆ ಟಿವಿ ಮಲಗುವುದಿಲ್ಲ, ಎದ್ದರೆ ಏಳುವುದಿಲ್ಲ. ಪ್ರತಿ ಸಲ ರಿಮೋಟ್ ಹುಡುಕುತ್ತಾ ಕೂರಬೇಕು. ಸ್ಟ್ಯಾಂಡನ್ನು ಮೇಲೆ-ಕೆಳಗೆ ಮಾಡಲೂ ಬರುವುದಿಲ್ಲ.

ಓಎಲ್‌ಇಡಿ ಟಿವಿಯ (ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವಂಥದ್ದು) ಆಸೆ ತೋರಿಸುವವರೂ ಇದ್ದಾರೆ. ಅದರ ಕಪ್ಪು ನಿಜಕ್ಕೂ ಕಪ್ಪು. ಆದರೆ ಬಿಳಿ ಪುಟ ಪರದೆ ತುಂಬಿದ ಕೂಡಲೇ ಅದು ತನ್ನಷ್ಟಕ್ಕೆ ಬೆಳಕು ತಗ್ಗಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತ ಟಾಸ್ಕ್‌ಬಾರ್‌ನ ನೆರಳು ಪರದೆಯಲ್ಲಿ ಉಳಿದುಬಿಡುವ ಅಪಾಯವೂ ಇದೆ. ದಿನವಿಡೀ ಬಿಳಿ ಹಾಳೆ ತೆರೆದಿಡುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಈಗ ನಾನು ಹೇಳಿದ 40 ಇಂಚಿನ 5ಕೆ2ಕೆ. 5120 × 2160, ಒಟ್ಟು 1.1 ಕೋಟಿ ಪಿಕ್ಸೆಲ್. 32 ಇಂಚಿನ 4ಕೆಯನ್ನು ಎರಡೂ ಪಕ್ಕಕ್ಕೆ ಹಿಗ್ಗಿಸಿದರೆ ಏನಾಗುತ್ತದೋ ಅದೇ ಇದು. ಎತ್ತರ ಅಷ್ಟೇ 39 ಸೆಂ.ಮೀ., ಪಿಪಿಐ ಅಷ್ಟೇ 140, ಅಗಲ ಮಾತ್ರ 70ರ ಬದಲು 93. ಮೇಲಂಚು ಕಣ್ಣಿನ ಮಟ್ಟದಲ್ಲೇ ನಿಲ್ಲುತ್ತದೆ, ಗದ್ದ ಎತ್ತುವ ಮಾತಿಲ್ಲ. ಇವು ಹೆಚ್ಚಾಗಿ ಸ್ವಲ್ಪ ಬಾಗಿಕೊಂಡೇ ಬರುತ್ತವೆ. ಅಂಚುಗಳು ನಿಮ್ಮ ಕಡೆ ತಿರುಗಿರುವುದರಿಂದ ದೂರದ ಏರುಪೇರೂ ಒಂದಿಷ್ಟು ಕಡಿಮೆ. 125 ಶೇಕಡಾ ಸ್ಕೇಲಿಂಗ್ ಹಾಕಿದರೆ 4096 × 1728ರಷ್ಟು ಜಾಗ ಉಳಿಯುತ್ತದೆ. ಮೂಲ, ಅನುವಾದ, ನಿಘಂಟು ಮೂರು ಕಾಲಮ್ ಸಲೀಸಾಗಿ ಕೂರುತ್ತವೆ. ಸ್ಟ್ಯಾಂಡ್ ತೆಗೆದು ಮೇಜಿನ ಹಿಂದಂಚಿಗೆ ಮಾನಿಟರ್ ಆರ್ಮ್ (ಮಾನಿಟರನ್ನು ಹೊತ್ತು ಹಿಂದೆ-ಮುಂದೆ ಸರಿಸುವ ತೋಳು) ಹಾಕಿಸಿ ಗೋಡೆಯ ಕಡೆ ತಳ್ಳಿದರೆ 60 ಸೆಂ.ಮೀ. ಮೇಜಿನಲ್ಲೂ 65ರ ಹತ್ತಿರ ದೂರ ಸಿಗುತ್ತದೆ. ಆರ್ಮ್ ಕೊಳ್ಳುವಾಗ ಇಂಚು ನೋಡಬೇಡಿ, ಎಷ್ಟು ಕಿಲೋ ಹೊರುತ್ತದೆ ಅನ್ನುವುದನ್ನು ನೋಡಿ.

ತೊಡಕು ಒಂದೇ. 5ಕೆ2ಕೆ 60 ಹರ್ಟ್ಜ್‌ಗೆ ಸೆಕೆಂಡಿಗೆ ಸುಮಾರು 16 ಗಿಗಾಬಿಟ್ ಬೇಕು. ಎಚ್‌ಡಿಎಂಐ 2.0 ಸಾಲುವುದಿಲ್ಲ. ಯುಎಸ್‌ಬಿ-ಸಿಯಲ್ಲಿ ಡಿಸ್‌ಪ್ಲೇಪೋರ್ಟ್ 1.4 ಅಥವಾ ಥಂಡರ್‌ಬೋಲ್ಟ್ ಇರಬೇಕು. ಅದು ಇಲ್ಲ ಅಂತಾದರೆ, ಮತ್ತು ಲ್ಯಾಪ್‌ಟಾಪನ್ನು ಈಗಲೇ ಬದಲಾಯಿಸುವ ಯೋಚನೆ ಇಲ್ಲದಿದ್ದರೆ, 32 ಇಂಚಿನ 4ಕೆ ತನ್ನಿ. ಅದಕ್ಕೂ ಎಚ್‌ಡಿಎಂಐ 2.0 ಅಥವಾ ಚಿತ್ರ ಬರುವ ಯುಎಸ್‌ಬಿ-ಸಿ ಬೇಕು ಅನ್ನುವುದು ನೆನಪಿರಲಿ. ಮ್ಯಾಕ್ ಬಳಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಮ್ಯಾಕ್‌ಗೆ 110ರ ಆಸುಪಾಸು ಅಥವಾ 220ರ ಆಸುಪಾಸಿನ ಪಿಪಿಐ ಚೆನ್ನಾಗಿ ಹೊಂದುತ್ತದೆ. ನಡುವಿನ 140, 163ರಲ್ಲಿ ಅದು ಚಿತ್ರವನ್ನು ದೊಡ್ಡದಾಗಿ ಬರೆದು ಆಮೇಲೆ ಕುಗ್ಗಿಸುತ್ತದೆ. ಕಣ್ಣು ಚೂಪಾಗಿದ್ದವರಿಗೆ ಅಕ್ಷರ ತುಸು ಮೆತ್ತಗೆ ಕಾಣಬಹುದು.

ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ಸೌಲಭ್ಯ) ಚೀಟಿ ನೋಡಿ ಜಾಸ್ತಿ ದುಡ್ಡು ಕೊಡಬೇಡಿ, ‘400’ ಅಂತ ಬರೆದಿದ್ದರೆ ಅದು ಕೆಳಗಿನ ದರ್ಜೆ. 120 ಹರ್ಟ್ಜ್ ಇದ್ದರೆ ಪುಟ ಸರಿಸುವಾಗ ಖುಷಿ, ಇಲ್ಲದಿದ್ದರೆ ನಷ್ಟವಿಲ್ಲ.

ಮಾನಿಟರ್ ಬಂದ ಮೇಲೆ ಮೊದಲು ಬೆಳಕು ಇಳಿಸಿ. ಕಾರ್ಖಾನೆಯಿಂದ ಬರುವಾಗ ಅಂಗಡಿಯ ಬೆಳಕಿನಲ್ಲಿ ಮಿಂಚಲಿ ಅಂತ ಏರಿಸಿಯೇ ಕಳಿಸಿರುತ್ತಾರೆ. ಸಣ್ಣ ಪರದೆಯಲ್ಲಿ ತಡೆದುಕೊಂಡ ಬೆಳಕು ಇಷ್ಟು ದೊಡ್ಡ ಬಿಳಿ ಹಾಳೆಯಾಗಿ ಮುಖಕ್ಕೆ ಬಡಿದರೆ ಸಂಜೆ ಹೊತ್ತಿಗೆ ತಲೆ ನೋಯುತ್ತದೆ. ಒಂದು ಖಾಲಿ ಬಿಳಿ ಕಾಗದವನ್ನು ಪರದೆಯ ಪಕ್ಕ ಹಿಡಿದು, ಎರಡೂ ಒಂದೇ ಬೆಳಕಿನವು ಅನ್ನಿಸುವವರೆಗೆ ಇಳಿಸುತ್ತಾ ಹೋಗಿ. ಮೊದಲ ದಿನ ಮಂಕು ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಎರಡನೆಯದು, ವಿಂಡೋವನ್ನು ಪರದೆ ತುಂಬ ಹಿಗ್ಗಿಸುವ ಅಭ್ಯಾಸ ಬಿಡಬೇಕು. ಇಷ್ಟಗಲದ ಸಾಲನ್ನು ಓದಿ ಮುಗಿಸಿ ಮುಂದಿನ ಸಾಲು ಹುಡುಕುವಷ್ಟರಲ್ಲಿ ಎಲ್ಲಿದ್ದೆವು ಅನ್ನುವುದೇ ಮರೆತಿರುತ್ತದೆ. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಜೆಡ್ ಒತ್ತಿದರೆ ಪರದೆಯನ್ನು ಹೇಗೆ ಹಂಚಬಹುದು ಅಂತ ನಕ್ಷೆಗಳು ಬರುತ್ತವೆ. ಇನ್ನೂ ಹಿಡಿತ ಬೇಕಾದರೆ ಮೈಕ್ರೊಸಾಫ್ಟ್‌ನದೇ ಪವರ್‌ಟಾಯ್ಸ್ ಹಾಕಿಕೊಳ್ಳಿ, ದುಡ್ಡಿಲ್ಲ. ಅದರೊಳಗೆ ಫ್ಯಾನ್ಸಿಝೋನ್ಸ್ ಅಂತ ಇದೆ. ನಿಮ್ಮ ಕಾಲಮ್‌ಗಳನ್ನು ನೀವೇ ಗೆರೆ ಹಾಕಿ, ಶಿಫ್ಟ್ ಒತ್ತಿ ವಿಂಡೋವನ್ನು ಎಳೆದು ಬಿಟ್ಟರೆ ಅದು ಅಲ್ಲೇ ಕೂರುತ್ತದೆ. ಬರೆಯುವ ಕಡತ ನಟ್ಟನಡುವೆ ಇರಲಿ, ಮೂಲ ಅದರ ಎಡಕ್ಕೆ. ಬಲ ತುದಿಗೆ ನಿಘಂಟು, ಮೇಲ್, ಅಂದರೆ ಆಗಾಗ ಇಣುಕುವಂಥವು. ಹೆಚ್ಚು ಹೊತ್ತು ನೋಡುವುದನ್ನು ಅಂಚಿಗೆ ಹಾಕಿದರೆ ಕತ್ತು ಒಂದೇ ಕಡೆ ತಿರುಗಿ ಹಿಡಿದುಕೊಳ್ಳುತ್ತದೆ.

ಆನ್‌ಲೈನ್ ಮೀಟಿಂಗಿನಲ್ಲಿ ಇಡೀ ಪರದೆಯನ್ನು ಶೇರ್ ಮಾಡಬೇಡಿ. 5120 ಪಿಕ್ಸೆಲ್ ಅಗಲದ ನಿಮ್ಮ ಪರದೆ ಆ ಕಡೆಯವರ 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಪಟ್ಟಿಯಂತೆ ಕಾಣುತ್ತದೆ. ‘ಸ್ವಲ್ಪ ದೊಡ್ಡದು ಮಾಡ್ತೀರಾ’ ಅಂತ ಅವರು ಕೇಳುತ್ತಲೇ ಇರುತ್ತಾರೆ. ಒಂದು ವಿಂಡೋ ಮಾತ್ರ ಶೇರ್ ಮಾಡಿ.

ಕೊಳ್ಳುವಾಗ ವಾಪಸ್ ಕೊಡುವ ಅವಧಿ ಎಷ್ಟು, ವಾಪಸ್ ಸಾಗಿಸುವ ಖರ್ಚು ಯಾರದು, ಈ ಎರಡನ್ನು ಬರವಣಿಗೆಯಲ್ಲಿ ನೋಡಿಕೊಳ್ಳಿ. ಕೆಟ್ಟ ಪಿಕ್ಸೆಲ್ ಎಷ್ಟಿದ್ದರೆ ಬದಲಿಸಿ ಕೊಡುತ್ತಾರೆ ಅಂತಲೂ ಕೇಳಿ. ಐಎಸ್‌ಒ 9241-307 ಅನ್ನುವ ಮಾನದಂಡ ದೋಷವನ್ನು ಪ್ರತಿ 10 ಲಕ್ಷ ಪಿಕ್ಸೆಲ್‌ಗೆ ಇಂತಿಷ್ಟು ಅಂತ ಎಣಿಸುತ್ತದೆ. ಪಿಕ್ಸೆಲ್ ಜಾಸ್ತಿ ಇದ್ದಷ್ಟೂ ‘ಇಷ್ಟಕ್ಕೆಲ್ಲ ಬದಲಿಸಲ್ಲ’ ಅನ್ನಲು ಅವರಿಗೆ ಅವಕಾಶ ಜಾಸ್ತಿ. ಕೆಲವು ತಯಾರಕರು ಹೊಳೆಯುವ ಚುಕ್ಕೆ ಒಂದಿದ್ದರೂ ಬದಲಿಸಿ ಕೊಡುತ್ತೇವೆ ಅನ್ನುತ್ತಾರೆ, ಅಂಥವರಿಗೆ ನನ್ನ ಒಲವು. ಬಂದ ದಿನವೇ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಒಂದೊಂದನ್ನೇ ಪರದೆ ತುಂಬ ಹಾಕಿ ಮೂಲೆಮೂಲೆ ನೋಡಿ. ದೀಪ ಆರಿಸಿ ಕಪ್ಪು ಪರದೆಯ ಅಂಚಿನಲ್ಲಿ ಬೆಳಕು ಸೋರುತ್ತಿದೆಯಾ ನೋಡಿ. ಐಪಿಎಸ್‌ನಲ್ಲಿ ಮೂಲೆಗಳಲ್ಲಿ ಒಂದಿಷ್ಟು ಬೆಳ್ಳಗೆ ಕಾಣುವುದು ಸಹಜ, ತಲೆ ಸರಿಸಿದರೆ ಅದೂ ಸರಿಯುತ್ತದೆ. ಒಂದೇ ಜಾಗದಲ್ಲಿ ಹಳದಿ ಕಲೆಯಂತೆ ನಿಂತಿದ್ದರೆ ದೋಷ, ವಾಪಸ್ ಕಳಿಸಿ. ಪೆಟ್ಟಿಗೆಯಿಂದ ತೆಗೆಯುವಾಗ ಇಬ್ಬರು ಇರಲಿ. ಗಾಜಿನ ಮೇಲೆ ಬೆರಳು ಊರಿ ಎತ್ತಬೇಡಿ, ಒಳಗಿನ ಪದರ ಬಿರುಕು ಬಿಟ್ಟರೆ ವಾರಂಟಿಗೆ ಬರುವುದಿಲ್ಲ.

ಅಂಗಡಿಯಲ್ಲಿ ನೋಡಿ ಕೊಳ್ಳುವುದಾದರೆ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ಯಿರಿ. ಅಲ್ಲಿ ಓಡುವ ಹಕ್ಕಿ-ಹೂವಿನ ವಿಡಿಯೊ ಎಲ್ಲ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಕಡತ ತೆರೆದು, ನಿಮ್ಮ ಅಕ್ಷರದ ಗಾತ್ರದಲ್ಲಿ, 65 ಸೆಂ.ಮೀ. ದೂರ ನಿಂತು ಒಂದು ಪುಟ ಓದಿ. 60 ಹರ್ಟ್ಜ್ ಬರುತ್ತದಾ ಅನ್ನುವುದೂ ಅಲ್ಲೇ ತಿಳಿಯುತ್ತದೆ.

ಹಳೆಯ ಎರಡು 24 ಇಂಚಿನವುಗಳಲ್ಲಿ ಒಂದನ್ನು ಮಾರಿ, ಒಂದನ್ನು ಅಟ್ಟದ ಮೇಲೆ ಇಟ್ಟಿರಿ. ದೊಡ್ಡದು ರಿಪೇರಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಆಗ ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಕೆಲಸ ಮಾಡುವ ಪಾಡು ನಿಮಗೆ ಬೇಡ.